ಕಿಸೆಯ ಹಾಡಿಗೆ ಕಂಪ್ಯೂಟರಿನ ಹಂಗು

ದಾವಣಗೆರೆಯಲ್ಲಿ ಮುದ್ರಿಸಿದ ಕ್ಯಾಸೆಟ್ಟನ್ನು ನೆರೆಯ ಹರಿಹರಕ್ಕೆ ಒಯ್ದರೆ ಅಲ್ಲಿಯ ಯಾವ ಟೇಪ್‌ರೆಕಾರ್ಡರಿನಲ್ಲಾದರೂ ಅದು ಹಾಡುತ್ತಿತ್ತು. ಯಂತ್ರ ಯಾವ ಕಂಪನಿಯದೆಂದು ಯಾರೂ ಕೇಳುತ್ತಿರಲಿಲ್ಲ. ಇದು ತಾನಾಗಿ ಒದಗಿದ ಅನುಕೂಲವಲ್ಲ. ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಈ ಪುಟ್ಟ ಕ್ಯಾಸೆಟ್ಟನ್ನು ಹೊರತಂದು, ಕೆಲವೇ ವರ್ಷಗಳಲ್ಲಿ ಅದರ ವಿನ್ಯಾಸವನ್ನು ಶುಲ್ಕವಿಲ್ಲದೆ ಬಳಸಲು ಇತರ ತಯಾರಕರಿಗೂ ಒಪ್ಪಿಗೆ ಕೊಟ್ಟಿತು. ಜಗತ್ತಿಗೆಲ್ಲ ಒಂದೇ ಅಳತೆ ಬಂತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಭಾವಗೀತೆ ಮನೆಮನೆ ಹೊಕ್ಕದ್ದಕ್ಕೆ ಈ ಏಕರೂಪತೆಯೂ ಒಂದು ಕಾರಣ. ಮರುವರ್ಷ ಸೋನಿಯ ವಾಕ್‌ಮನ್ ಅದೇ ಕ್ಯಾಸೆಟ್ಟನ್ನು ಕಿಸೆಗಿಳಿಸಿತು.

ಈ ಸೌಹಾರ್ದ ಕೆಟ್ಟದ್ದು ಹಾಡು ಅಂಕಿಗಳಾಗಿ ಕಂಪ್ಯೂಟರ್ ಸೇರಿದ ಮೇಲೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಮುಖ್ಯಪಾತ್ರ ವಹಿಸಿ ರೂಪಿಸಿದ ಎಂಪಿ3 ವಿಧಾನ, ಕಿವಿಗೆ ಅಷ್ಟಾಗಿ ಕೇಳಿಸದ ಅಂಶಗಳನ್ನು ಕೈಬಿಡುತ್ತದೆ. ಸಿ.ಡಿ.ಯಲ್ಲಿ ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಬೇಡುವ ಸಂಗೀತ ಹೀಗೆ ಒಂದಕ್ಕೆ ಇಳಿಯಿತು. 1998ರಲ್ಲಿ ಬಂದ ರಿಯೋ ಯಂತ್ರದ 32 ಮೆಗಾಬೈಟಿನಲ್ಲಿ ಅರ್ಧ ಗಂಟೆಯ ಹಾಡು ಹಿಡಿಯುತ್ತಿತ್ತು. ಅದನ್ನು ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸುವ ಕಡೆ ಸಿಕ್ಕಿಸಬೇಕಿತ್ತು.

ಅಲ್ಲಿಂದ ಯಂತ್ರಕ್ಕೂ ಕಂಪ್ಯೂಟರಿಗೂ ಜಾತಕ ಕೂಡಿಬರಬೇಕಾಯಿತು. 2001ರಲ್ಲಿ ಬಂದ ಐಪಾಡ್ ಸಾವಿರ ಹಾಡು ಹೊರುತ್ತಿತ್ತಾದರೂ ಆಪಲ್‌ನದೇ ಮ್ಯಾಕ್ ಕಂಪ್ಯೂಟರಿಗೆ ಮಾತ್ರ ಹೊಂದುತ್ತಿತ್ತು. ವಿಂಡೋಸ್ ಬಳಸುವವರು 2002ರವರೆಗೆ ಕಾಯಬೇಕಾಯಿತು. ಸೋನಿ ಮೊದಮೊದಲು ಎಂಪಿ3 ಹಾಡುಗಳನ್ನು ತನ್ನದೇ ಅಟ್ರ್ಯಾಕ್ ರೂಪಕ್ಕೆ ಬದಲಿಸಿಕೊಳ್ಳುವಂತೆ ಮಾಡಿತು. ಮೈಕ್ರೋಸಾಫ್ಟ್ 2004ರಲ್ಲಿ 'ಪ್ಲೇಸ್ ಫಾರ್ ಶೂರ್' ಎಂಬ ಭರವಸೆಯ ಮುದ್ರೆ ಹೊರಡಿಸಿತು. ಸ್ವಾರಸ್ಯವೆಂದರೆ, 2006ರಲ್ಲಿ ಬಂದ ಅದೇ ಕಂಪನಿಯ ಝೂನ್, ಆ ಮುದ್ರೆಯಡಿ ಮಾರಾಟವಾಗಿದ್ದ ಹಾಡುಗಳನ್ನೇ ನುಡಿಸಲಿಲ್ಲ. ಹರಿ, ಹರ ಇಬ್ಬರೂ ಒಂದೇ ವಿಗ್ರಹದಲ್ಲಿ ನಿಂತಿರುವ ಹರಿಹರದವರಿಗೆ ಈ ಪಂಥಭೇದ ವಿಚಿತ್ರವೆನಿಸೀತು.

ಯು.ಎಸ್.ಬಿ. ತಂತಿ ಜೋಡಿಸಿದೊಡನೆ ಕಂಪ್ಯೂಟರಿನಲ್ಲಿ ಒಂದು ಡಿಸ್ಕಿನಂತೆ ಕಾಣಿಸಿಕೊಳ್ಳುವ ಯಂತ್ರಗಳಿಗೆ ಈ ತಂಟೆಯಿಲ್ಲ. ಅವಕ್ಕೆ ಪ್ರತ್ಯೇಕ ತಂತ್ರಾಂಶ ಬೇಡ. ಹಾಡನ್ನು ಹಾಕುವುದೂ ತೆಗೆಯುವುದೂ ಸುಲಭ. ಕನ್ನಡಿಗರು ನೋಡಬೇಕಾದ್ದು ಇನ್ನೊಂದಿದೆ. ಯೂನಿಕೋಡ್‌ನಲ್ಲಿ 1991ರಿಂದ ಕನ್ನಡಕ್ಕೆ ಸ್ಥಾನವಿದ್ದರೂ, ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲದಿದ್ದರೆ ಹಾಡಿನ ಹೆಸರು ಬರೀ ಚೌಕಗಳ ಸಾಲಾಗುತ್ತದೆ.

ಇದು ಕೇವಲ ಅನುಕೂಲದ ಮಾತಲ್ಲ. ನಾಟಕ ಕಂಪನಿಗಳ ಊರಾದ ದಾವಣಗೆರೆಯಂಥ ಕಡೆ ಮನೆಯವರೇ ಮುದ್ರಿಸಿಕೊಂಡ ರಂಗಗೀತೆ, ಭಜನೆ, ಅಜ್ಜಿಯ ಸೋಬಾನೆ ಪದ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. 2022ರಲ್ಲಿ ಐಪಾಡ್ ತಯಾರಿಕೆಯೇ ನಿಂತಿತು. ಈಗ ಹಾಡು ಮೊಬೈಲಿಗೆ ಬಾಡಿಗೆಯಂತೆ ಬರುತ್ತದೆ. ಚಂದಾ ನಿಂತರೆ ಕೈತಪ್ಪುತ್ತದೆ. ಎಂಪಿ3ರ ಪೇಟೆಂಟ್ ಅವಧಿ ಮಾತ್ರ 2017ರ ಹೊತ್ತಿಗೆ ಮುಗಿದು, ಹಿಂದಿನ ಕ್ಯಾಸೆಟ್ಟಿನಂತೆ ಅದು ಎಲ್ಲರದಾಗಿದೆ. ಹಳೆಯ ಟೇಪುಗಳನ್ನು ಅದಕ್ಕೆ ಇಳಿಸಿ ಎರಡು ಕಡೆ ಇಟ್ಟುಕೊಂಡವರಿಗೆ ಯಂತ್ರ ಕೆಟ್ಟರೂ ಹಾಡು ಉಳಿಯುತ್ತದೆ.