ಫರ್ಸಿ ಕಡಿದವರ ಬೀದಿ ಯಾವುದು?

ನೀರು, ಸಾಲಿ, ದವಾಖಾನಿ, ಬಜಾರ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಅದು ಒಳ್ಳೆ ಓಣಿ. ಇದನ್ನು ಹೇಳಲು ಪಂಡಿತರು ಬೇಕಿಲ್ಲ. ಆದರೂ 1929ರಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರ್ರಿ ಇದನ್ನೇ ಶಾಸ್ತ್ರವಾಗಿ ಬರೆದ. ನಡುವೆ ಶಾಲೆ, ಅಂಚಿನಲ್ಲಿ ಅಂಗಡಿ, ಮಕ್ಕಳು ದೊಡ್ಡ ರಸ್ತೆ ದಾಟದೆ ಹೋಗಿಬರುವ ದಾರಿ. ಇವತ್ತು ನಗರ ಕಟ್ಟುವವರು ಇದನ್ನೇ ಹೊಸ ಮಾತೆಂಬಂತೆ ಮಾರುತ್ತಿದ್ದಾರೆ.

ಗೆಳೆಯರೇ, ನಮ್ಮ ಹಳ್ಳಿಗಳಲ್ಲಿ ಎಲ್ಲವೂ ಕಾಲಳತೆಯಲ್ಲೇ ಇತ್ತು. ಆದರೆ ಯಾರ ಕಾಲಿನ ಅಳತೆ?

ನಮ್ಮ ಮುತ್ಯಾ ಊರೊಳಗಿನ ಓಣಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡೀತಿದ್ದ. ಸೇದೋ ಬಾವಿ ಕಣ್ಣೆದುರಿಗೇ ಇತ್ತು. ನಮ್ಮವರು ಮಾತ್ರ ಕೊಡ ಹೊತ್ತು ಹಳ್ಳಕ್ಕೆ ಹೋಗಬೇಕು. "ನೀರು ಹತ್ರಾನೇ ಇತ್ತಪಾ, ನಮಗಷ್ಟೇ ದೂರ ಇತ್ತು" ಅಂತಾಳೆ ಅವ್ವ. ಈ ದೂರವನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ.

ಈ ಭಂಕೂರ, ಶಹಾಬಾದ, ವಾಡಿ ಸೀಮೆಯ ಚರಿತ್ರೆ ನೋಡಿ. 1871ರ ಹೊತ್ತಿಗೆ ಮುಂಬಯಿಯಿಂದ ರಾಯಚೂರಿಗೆ ರೈಲು ಬಂತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹೊರಟಿತು. ನೆಲದೊಳಗಿನ ಸುಣ್ಣಗಲ್ಲು ಹೊರಬಂದು ಫರ್ಸಿಯಾಗಿ, ಸಿಮೆಂಟಾಗಿ ಊರೂರು ಸೇರಿತು. ಶಹಾಬಾದ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿಯೊಳಗೆ ಕೂಡಿತು. ಕಾರ್ಖಾನೆಯ ಜೊತೆ ಕಾಲೊನಿ ಬಂತು. ಸಾಲು ಕ್ವಾರ್ಟರ್ಸು, ನೇರ ಬೀದಿ, ನಳದ ನೀರು, ದೀಪ, ಗಿಡದ ನೆರಳು. ಪೆರ್ರಿ ಬರೆದದ್ದು ಇಲ್ಲಿ ಕಲ್ಲಿನಲ್ಲಿ ನಿಂತಿತ್ತು.

ಆದರೆ ಅದು ನೌಕರಿಯ ಬೀದಿ. ಹುದ್ದೆ ಇದ್ದವನಿಗೆ ಮನೆ, ಹುದ್ದೆಗೆ ತಕ್ಕ ಮನೆ. 2001ರ ಜನಗಣತಿ ಪುಸ್ತಕ ತೆರೆಯಿರಿ. ಶಹಾಬಾದ ಒಂದು ಪಟ್ಟಣ, ಶಹಾಬಾದ ಎಸಿಸಿ ಇನ್ನೊಂದು. ವಾಡಿ ಒಂದು, ವಾಡಿ ಎಸಿಸಿ ಇನ್ನೊಂದು. ಊರು ಮತ್ತು ಕೇರಿಯ ಲೆಕ್ಕ ನಮಗೆ ಹಳೆಯದು. ಇದು ಅದರ ಪಕ್ಕದಲ್ಲೇ ಬರೆದ ಹೊಸ ಲೆಕ್ಕ. ಖಣಿಯಲ್ಲಿ ಕಲ್ಲು ಎಬ್ಬಿಸಿದ ದಿನಗೂಲಿಯವನು ಎರಡರ ಹೊರಗೂ ನಿಂತ. ಎಷ್ಟೋ ಮನೆಗಳ ಪಡಸಾಲೆಗೆ ಫರ್ಸಿ ಕಳಿಸಿದ ಕೈ ತನ್ನ ಓಣಿಯ ಕೆಸರಿನಲ್ಲಿ ಮಳೆಗಾಲ ಕಳೆಯಿತು.

ನಡೆಯುವ ಹಕ್ಕು ಯಾರೂ ದಾನ ಕೊಟ್ಟದ್ದಲ್ಲ. 1923ರಲ್ಲಿ ಎಸ್.ಕೆ. ಬೋಲೆ ಮುಂಬಯಿ ಶಾಸನಸಭೆಯಲ್ಲಿ ಠರಾವು ತಂದರು. ಸರ್ಕಾರಿ ದುಡ್ಡಿನ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆ ಅಸ್ಪೃಶ್ಯರಿಗೂ ತೆರೆದಿರಬೇಕು. ಕಾಗದದ ಮೇಲಿನ ಠರಾವು ಕಾಗದದ ಮೇಲೇ ಉಳಿಯಿತು. 1924ರಲ್ಲಿ ವೈಕಂನಲ್ಲಿ ಗುಡಿಯ ಸುತ್ತಲಿನ ರಸ್ತೆಯಲ್ಲಿ ಬರೀ ನಡೆಯುವುದಕ್ಕಾಗಿ ಜನ ಜೈಲಿಗೆ ಹೋದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡದ ಚವದಾರ ಕೆರೆಗೆ ನಡೆದು ನೀರು ಮುಟ್ಟಿದರು. ಆಗ ನಮ್ಮ ಸೀಮೆ ನಿಜಾಮನದು. ಮುಂಬಯಿಯ ಠರಾವು ಇಲ್ಲಿಗೆ ಸಲ್ಲುತ್ತಿರಲಿಲ್ಲ.

1950ರ ಜನವರಿ 26ರಂದು ನಮ್ಮ ಕೈಗೂ ಸಂವಿಧಾನ ಬಂತು. ಅದರ 15(2)ನೇ ವಿಧಿ ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಅದು ಬರೀ ಕಾನೂನಲ್ಲ, ಒಂದು ಓಣಿಯ ಚಿತ್ರ. ಪೆರ್ರಿಯ ನಕ್ಷೆಯಲ್ಲಿ ಎಷ್ಟು ಹೆಜ್ಜೆ ಎಂಬುದಿತ್ತು. ಈ ನಕ್ಷೆಯಲ್ಲಿ ಯಾರ ಹೆಜ್ಜೆ ಎಂಬುದೂ ಇದೆ.

ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಒಂದು ಕೆಲಸ ಮಾಡೋಣ. ಕೇರಿಯ ಕೊನೆಯ ಮನೆಯ ಹೊಸ್ತಿಲಿಂದ ನಳಕ್ಕೆ, ಸಾಲಿಗೆ, ರೇಷನ್ ಅಂಗಡಿಗೆ, ಬಸ್ ನಿಲ್ಲುವ ಜಾಗಕ್ಕೆ ಎಷ್ಟು ಹೆಜ್ಜೆ, ಮಕ್ಕಳ ಕೂಡ ನಡೆದು ಎಣಿಸಿ. ಊರ ನಡುವಿನ ಮನೆಯಿಂದಲೂ ಎಣಿಸಿ. ಎರಡೂ ಲೆಕ್ಕ ಬರೆದುಕೊಂಡು ಗ್ರಾಮಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿ.