ಸೈನಿಕನ ಹೃದಯವನ್ನು ಅಳೆದ ಬಗೆ

ನೀವೀಗ ಸುಮ್ಮನೆ ಕುಳಿತು ಓದುತ್ತಿದ್ದೀರಿ. ನಿಮ್ಮ ತೂಕ 70 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ನಿಮ್ಮ ದೇಹ ನಿಮಿಷಕ್ಕೆ ಸುಮಾರು 245 ಮಿಲಿಲೀಟರ್ ಆಕ್ಸಿಜನ್ ಬಳಸುತ್ತಿರುತ್ತದೆ. ಲೀಟರಿಗೆ ಸುಮಾರು 20 ಕಿಲೋಜೂಲ್ ಶಕ್ತಿ ಎಂದು ಲೆಕ್ಕ ಹಾಕಿದರೆ ನೀವೊಂದು 80 ವಾಟ್ ಬಲ್ಬಿಗೆ ಸಮ! ವಿಶ್ರಾಂತಿಯ ಈ ಬಳಕೆಗೆ, ಅಂದರೆ ಪ್ರತಿ ಕಿಲೋಗ್ರಾಂ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರಿಗೆ, ಒಂದು 'ಮೆಟ್' ಎಂದು ಹೆಸರು. ಸೇವೆಯ ಕಾರಣದಿಂದ ಹೃದ್ರೋಗಿಯಾದ ಅಮೆರಿಕದ ಮಾಜಿ ಸೈನಿಕನ ಪರಿಹಾರಧನವನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಮಾನವೇ.

ಇದರ ಹಿಂದೆ ದೀರ್ಘ ಇತಿಹಾಸವಿದೆ. ಅಮೆರಿಕದ ಅಂತರ್ಯುದ್ಧದ (1861-65) ಕಾಲದಲ್ಲಿ ಫಿಲಡೆಲ್ಫಿಯಾದ ವೈದ್ಯ ಜೇಕಬ್ ಡ ಕೋಸ್ಟ 300ಕ್ಕೂ ಹೆಚ್ಚು ಸೈನಿಕರನ್ನು ಪರೀಕ್ಷಿಸಿದರು. ಎದೆ ಡವಗುಟ್ಟುವಿಕೆ, ನೋವು, ಅಲ್ಪ ಶ್ರಮಕ್ಕೇ ಏದುಸಿರು. ಆದರೆ ಹಲವರ ಹೃದಯದಲ್ಲಿ ದೋಷವೇ ಕಾಣಲಿಲ್ಲ! 1871ರಲ್ಲಿ ಅವರು ಇದನ್ನು 'ಕೆರಳಿದ ಹೃದಯ' ಎಂದು ವರ್ಣಿಸಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಥಾಮಸ್ ಲೂಯಿಸ್ ಮುಂದೆಯೂ ಇದೇ ಒಗಟು. ಲೂಯಿಸ್ ಇ.ಸಿ.ಜಿ. ವಿದ್ಯೆಯಲ್ಲಿ ಅಗ್ರಗಣ್ಯರು. ಆದರೂ ಸೈನಿಕರನ್ನು ವಿಂಗಡಿಸಲು ಅವರು ನೆಚ್ಚಿದ್ದು ಹಂತಹಂತವಾಗಿ ಕಠಿಣಗೊಳಿಸಿದ ವ್ಯಾಯಾಮವನ್ನು. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಇದೇ: ರೋಗದ ಹೆಸರೇನು ಎಂಬುದರ ಬದಲು, ಈತ ಎಷ್ಟು ಶ್ರಮ ತಾಳಬಲ್ಲ ಎಂಬ ಪ್ರಶ್ನೆ. 1963ರಲ್ಲಿ ರಾಬರ್ಟ್ ಬ್ರೂಸ್ ಪ್ರಕಟಿಸಿದ ಟ್ರೆಡ್‌ಮಿಲ್ ಪರೀಕ್ಷೆ ಇದಕ್ಕೊಂದು ಅಳತೆಗೋಲಾಯಿತು. ಅದರಲ್ಲಿ ಮೂರು ಮೂರು ನಿಮಿಷಕ್ಕೆ ಪಟ್ಟಿಯ ವೇಗವೂ ಏರೂ ಹೆಚ್ಚುತ್ತವೆ.

1998ರಲ್ಲಿ ಅಮೆರಿಕ ಸರ್ಕಾರ ಮೆಟ್ ಮಾನವನ್ನು ನಿಯಮಗಳಿಗೆ ಸೇರಿಸಿತು. 3 ಮೆಟ್ ಅಥವಾ ಅದಕ್ಕೂ ಕಡಿಮೆ ಶ್ರಮಕ್ಕೇ ಏದುಸಿರು, ಎದೆನೋವು ಬಂದರೆ ಅಂಗವೈಕಲ್ಯ ಶೇಕಡಾ 100, 5ರವರೆಗೆ 60, 7ರವರೆಗೆ 30, 10ರವರೆಗೆ 10. ವಿಯೆಟ್ನಾಂನಲ್ಲಿ 'ಏಜೆಂಟ್ ಆರೆಂಜ್' ಕಳೆನಾಶಕಕ್ಕೆ ಒಡ್ಡಿಕೊಂಡವರ ರಕ್ತಕೊರತೆಯ ಹೃದ್ರೋಗವನ್ನು ಸೇವೆಯಿಂದಲೇ ಬಂದದ್ದೆಂದು 2010ರಲ್ಲಿ ಒಪ್ಪಿಕೊಂಡ ಮೇಲೆ ಈ ಅಂಕಿಗಳ ಮಹತ್ವ ಇನ್ನಷ್ಟು ಹೆಚ್ಚಿತು.

ಈಗ ಭೌತವಿಜ್ಞಾನದ ಅಧ್ಯಾಪಕನ ತಕರಾರು ಕೇಳಿ. 4.9 ಮೆಟ್‌ಗೂ 5.1ಕ್ಕೂ ಅಂತರ ಅತ್ಯಲ್ಪ, ಅಂಗವೈಕಲ್ಯದ ಪ್ರಮಾಣ ಮಾತ್ರ ಅರ್ಧಕ್ಕಿಳಿಯುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಆಕ್ಸಿಜನ್ನನ್ನು ನೇರವಾಗಿ ಅಳೆಯುವುದಿಲ್ಲ. ವೇಗ ಮತ್ತು ಏರಿನಿಂದ ಅಂದಾಜಿಸುತ್ತಾರೆ. ಬೀಳುವ ಭಯದಿಂದ ಕಂಬಿ ಹಿಡಿದು ನಡೆದವನ ತೂಕದ ಒಂದು ಪಾಲನ್ನು ಕಂಬಿಯೇ ಹೊರುತ್ತದೆ. ಲೆಕ್ಕದಲ್ಲಿ ಮಾತ್ರ ಆತ ಇರುವುದಕ್ಕಿಂತ ಗಟ್ಟಿಗ!

ಟ್ರೆಡ್‌ಮಿಲ್ ಹತ್ತಲಾಗದವರಿಗೆ ನಿಯಮದಲ್ಲಿ ಬೇರೆ ದಾರಿಯಿದೆ. ವೈದ್ಯರೇ ಮೆಟ್ ಅಂದಾಜಿಸಬೇಕು, ಉದಾಹರಣೆ ಸಹಿತ. ನಿಯಮ ಹೆಸರಿಸುವ ಉದಾಹರಣೆಗಳು ಎರಡು: ನಿಧಾನವಾಗಿ ಮೆಟ್ಟಿಲು ಹತ್ತುವುದು, ಸಲಿಕೆಯಿಂದ ಹಿಮ ಎತ್ತಿಹಾಕುವುದು.