ಮೇಲೊಂದು ದಾರಿ, ಕೆಳಗೊಂದು ದಾರಿ

ಕಪ್ಪು ಸಮುದ್ರದ ನಕ್ಷೆ ನೋಡಿ. ಸುತ್ತಲೂ ನೆಲ. ಮಹಾಸಾಗರದ ಕಡೆ ಹೋಗೋಕೆ ಇರೋದು ಇಸ್ತಾಂಬುಲ್ ಪಕ್ಕದ ಬಾಸ್ಫರಸ್ ಜಲಸಂಧಿ ಒಂದೇ. ಉದ್ದ ಸುಮಾರು 30 ಕಿಲೋಮೀಟರ್, ಕಿರಿದಾದ ಜಾಗದಲ್ಲಿ ಅಗಲ ಬರೀ 700 ಮೀಟರ್. ಡ್ಯಾನ್ಯೂಬ್, ನೀಪರ್‌ನಂಥ ನದಿಗಳು ತಂದು ಸುರಿಯೋ ನೀರು ಇದೇ ದಾರಿಯಲ್ಲಿ ದಕ್ಷಿಣದ ಮಾರ್ಮರ ಸಮುದ್ರಕ್ಕೆ ಹರಿಯುತ್ತೆ. ದೋಣಿಯಲ್ಲಿ ಕೂತು ನೋಡಿದರೆ ಕಾಣೋದು ಇಷ್ಟೇ.

1679ರಲ್ಲಿ ಇಟಲಿಯ ಬೊಲೊನ್ಯಾ ಊರಿನ ಲುಯಿಜಿ ಫರ್ಡಿನಾಂಡೊ ಮಾರ್ಸಿಲಿ ಅಲ್ಲಿಗೆ ಬಂದ. ವಯಸ್ಸು 21. ಅಲ್ಲಿನ ತುರ್ಕಿ ಮೀನುಗಾರರು ಹೇಳ್ತಿದ್ದ ಒಂದು ಮಾತು ಅವನ ತಲೆ ಕೊರೆಯಿತು: ಆಳದಲ್ಲಿ ನೀರು ಉಲ್ಟಾ ಹರಿಯುತ್ತೆ. ಬಲೆ ಎಳೆಯುವ ಕೈಗಳಿಗೆ ಗೊತ್ತಿದ್ದ ಸಂಗತಿ ಅದು.

ಮಾರ್ಸಿಲಿ ನಕ್ಕು ಸುಮ್ಮನಾಗಲಿಲ್ಲ. ಹಗ್ಗಕ್ಕೆ ಬಿಳಿ ಬಣ್ಣದ ಬೆಂಡಿನ ತುಂಡುಗಳನ್ನ ಕಟ್ಟಿ ನೀರಿಗಿಳಿಸಿದ. ಮೇಲಿನ ತುಂಡುಗಳು ದಕ್ಷಿಣಕ್ಕೆ ವಾಲಿದವು, ಆಳದವು ಉತ್ತರಕ್ಕೆ. ಮೀನುಗಾರರು ಹೇಳಿದ್ದು ನಿಜ!

ಆದರೆ ಯಾಕೆ ಹೀಗೆ? ಎರಡೂ ಕಡೆಯ ನೀರಿನ ಭಾರ ಅಳೆದ. ನದಿನೀರು ಬೆರೆತ ಕಪ್ಪು ಸಮುದ್ರದ ನೀರು ಹಗುರ. ಬಿಸಿಲಿಗೆ ಆವಿಯಾಗಿ ಉಪ್ಪು ಹೆಚ್ಚಾದ ಮೆಡಿಟರೇನಿಯನ್ ನೀರು ಭಾರ. ಆಮೇಲೆ ಒಂದು ತೊಟ್ಟಿಗೆ ನಡುವೆ ಅಡ್ಡಗೋಡೆ ಹಾಕಿ, ಒಂದು ಕಡೆ ಬಣ್ಣ ಬೆರೆಸಿದ ಭಾರದ ನೀರು, ಇನ್ನೊಂದು ಕಡೆ ಹಗುರ ನೀರು ತುಂಬಿ, ಮೇಲೊಂದು ಕೆಳಗೊಂದು ತೂತು ಬಿಟ್ಟ. ಭಾರದ್ದು ಕೆಳಗಿನ ತೂತಿನಿಂದ ಆಚೆಗೆ ಹೋಯ್ತು, ಹಗುರದ್ದು ಮೇಲಿನಿಂದ ಈಚೆಗೆ ಬಂತು. ಸೌದೆ ಒಲೆ ಉರಿಯೋ ಅಡುಗೆಮನೆಯ ಬಾಗಿಲಲ್ಲಿ ನಡೆಯೋದೂ ಇದೇ ತಾನೆ? ಮೇಲ್ಗಡೆ ಬಿಸಿ ಹೊಗೆ ಹೊರಗೆ, ಕಾಲ ಹತ್ತಿರ ತಣ್ಣನೆ ಗಾಳಿ ಒಳಗೆ.

1681ರಲ್ಲಿ, ಸ್ವೀಡನ್ ಸಿಂಹಾಸನ ಬಿಟ್ಟು ರೋಮ್‌ನಲ್ಲಿ ನೆಲೆಸಿದ್ದ ರಾಣಿ ಕ್ರಿಸ್ಟೀನಾಗೆ ಬರೆದ ಪತ್ರದ ರೂಪದಲ್ಲಿ ಇದನ್ನೆಲ್ಲ ಅಚ್ಚು ಹಾಕಿಸಿದ. ಆದರೂ ಅನುಮಾನ ಹೋಗಲಿಲ್ಲ. ಇನ್ನೂರು ವರ್ಷ ಕಳೆದ ಮೇಲೆ, 1881-82ರಲ್ಲಿ, ರಷ್ಯಾ ನೌಕಾಪಡೆಯ ಸ್ಟೆಪಾನ್ ಮಕರೋವ್ ಮತ್ತೆ ಅಲ್ಲೇ ಅಳೆದು ನೋಡಬೇಕಾಯ್ತು.

ಈ ಕೆಳದಾರಿಯಿಂದ ಬಂದ ಉಪ್ಪುನೀರು ಕಪ್ಪು ಸಮುದ್ರದ ತಳ ಸೇರುತ್ತೆ. ಮೇಲಿನ ಹಗುರ ನೀರು ಅದರ ಜೊತೆ ಸುಲಭಕ್ಕೆ ಬೆರೆಯೋದಿಲ್ಲ. ಹಾಗಾಗಿ ಸುಮಾರು 200 ಮೀಟರಿನಿಂದ ಕೆಳಗೆ ಆಮ್ಲಜನಕವೇ ಇಲ್ಲ. ಮರ ತಿನ್ನೋ ಹುಳ ಅಲ್ಲಿ ಬದುಕಲ್ಲ. ಅದಕ್ಕೇ, ಬಲ್ಗೇರಿಯಾ ಕರಾವಳಿಯಾಚೆ ಸುಮಾರು ಎರಡು ಕಿಲೋಮೀಟರ್ ಆಳದಲ್ಲಿ 2,400 ವರ್ಷ ಹಳೆಯ ಗ್ರೀಕ್ ಹಡಗೊಂದು ಕಂಬದ ಸಮೇತ ಉಳಿದಿದೆ ಅನ್ನೋ ಸುದ್ದಿ 2018ರಲ್ಲಿ ಬಂತು.

ಕಡಲಶಾಸ್ತ್ರದ ಇತಿಹಾಸದಲ್ಲಿ ಮಾರ್ಸಿಲಿಗೆ ದೊಡ್ಡ ಹೆಸರಿದೆ, ಇರಬೇಕಾದ್ದೇ. ಮೀನುಗಾರರಿಂದ ಕೇಳಿದ್ದು ಅಂತ ಅವನೇ ಬರೆದುಕೊಂಡಿದ್ದಾನೆ ಅನ್ನೋದನ್ನೂ ಜೊತೆಗೇ ಹೇಳಬೇಕು. ‘ಹೀಗಿದೆ’ ಅನ್ನೋದು ಅವರಿಗೆ ಗೊತ್ತಿತ್ತು. ‘ಯಾಕೆ’ ಅನ್ನೋದನ್ನ ಇವನು ತೋರಿಸಿದ.